ಬಳ್ಳಾರಿ ಬಿಸಿಲಲ್ಲಿ ಸಣ್ಣ ವಿಮಾನ ಕಲಿಯುವುದಾದರೆ ಬೆಳಗ್ಗೆಯೇ ಹಾರಬೇಕು ಅಂತಾರಲ್ಲ, ಯಾಕೆ?

ಬಿಸಿ ಗಾಳಿ ತೆಳು, ಅದೇ ಮುಖ್ಯ ಕಾರಣ. ರೆಕ್ಕೆಯ ಎತ್ತುವ ಬಲ, ಎಂಜಿನ್ ಶಕ್ತಿ, ಪ್ರೊಪೆಲ್ಲರ್ ಎಳೆತ ಮೂರಕ್ಕೂ ದಟ್ಟ ಗಾಳಿ ಬೇಕು. ಬಳ್ಳಾರಿ ಇರುವುದು ಸುಮಾರು 480 ಮೀಟರ್ ಎತ್ತರದಲ್ಲಿ. ಮೇ ತಿಂಗಳ ಮಧ್ಯಾಹ್ನ 40 ಡಿಗ್ರಿ ಮುಟ್ಟಿದರೆ, ವಿಮಾನದ ಪಾಲಿಗೆ ಅದು ಹತ್ತಿರಹತ್ತಿರ 1,500 ಮೀಟರ್ ಎತ್ತರವಿದ್ದಂತೆ. ಇದನ್ನೇ ಡೆನ್ಸಿಟಿ ಆಲ್ಟಿಟ್ಯೂಡ್ ಅನ್ನುತ್ತಾರೆ. ಆಗ ಸೆಸ್ನಾ 172 ಎಂಬ ಸಣ್ಣ ಕಲಿಕೆ ವಿಮಾನ ಕೂಡ ಜಾಸ್ತಿ ದೂರ ಓಡಿಯೇ ಏಳಬೇಕು, ಏರುವುದೂ ನಿಧಾನ. ಸ್ಪೀಡ್ ಮೀಟರ್ ಮಾತ್ರ ಎಂದಿನಂತೆಯೇ ತೋರಿಸುತ್ತದೆ, ನಿಜವಾದ ವೇಗ ಅದಕ್ಕಿಂತ ಜಾಸ್ತಿ ಇದ್ದರೂ. ಹೊಸಬರು ಮೋಸಹೋಗುವುದು ಇಲ್ಲೇ.

ಕಾದ ಎರೆಹೊಲ, ಬಂಡೆಗುಡ್ಡಗಳ ಮೇಲಿನ ಬಿಸಿಗಾಳಿಗೆ ವಿಮಾನ ಕುಲುಕುತ್ತದೆ ಕೂಡ. ಕಲಿಯುವವರಿಗೆ ಸುಮ್ನೆ ಯಾಕೆ ಆ ಭಯ, ಅಲ್ವಾ? ಬೆಳಗ್ಗೆ ಹೊರಟರೂ ಆ ದಿನದ ಬಿಸಿಗೆ ಎಷ್ಟು ರನ್‌ವೇ ಬೇಕೆಂದು ವಿಮಾನದ ಕೈಪಿಡಿ ನೋಡಿ ಲೆಕ್ಕ ಹಾಕಿ, ಪ್ರತಿ ಸಲವೂ.