ಇಡಿ50ರ ದತ್ತಾಂಶದಿಂದ ಇಡಿ95 ತೆಗೆಯಬಹುದೇ?

ಪ್ರಶ್ನೆ: ನಾನು ಅರಿವಳಿಕೆ ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿನಿ. ‘ಅಪ್-ಅಂಡ್-ಡೌನ್’ ವಿಧಾನದಲ್ಲಿ 30 ರೋಗಿಗಳಿಂದ ಒಂದು ಔಷಧದ ಇಡಿ50, ಅಂದರೆ ಅರ್ಧದಷ್ಟು ಮಂದಿಗೆ ಫಲಿಸುವ ಡೋಸ್, ಕಂಡುಕೊಂಡಿದ್ದೇನೆ. ಅದೇ ದತ್ತಾಂಶಕ್ಕೆ ಪ್ರೋಬಿಟ್ ರೇಖೆ (ಡೋಸ್ ಏರಿದಂತೆ ಫಲಿಸುವ ಪ್ರಮಾಣ ಹೇಗೆ ಏರುತ್ತದೆಂದು ತೋರಿಸುವ, ನಿಗದಿತ ಆಕಾರದ ರೇಖೆ) ಹೊಂದಿಸಿ, 100ಕ್ಕೆ 95 ಮಂದಿಗೆ ಫಲಿಸುವ ಡೋಸ್ ಆದ ಇಡಿ95 ಕೂಡ ಕೊಡು ಎನ್ನುತ್ತಾರೆ ಗೆಳೆಯರು. ಸರಿಯೇ?

ಉತ್ತರ: ಲೆಕ್ಕ ಹಾಕಲು ಬರುತ್ತದೆ, ನಂಬಲು ಬರುವುದಿಲ್ಲ.

ಸಂಖ್ಯಾಶಾಸ್ತ್ರಜ್ಞರಾದ ಡಿಕ್ಸನ್ ಮತ್ತು ಮೂಡ್ 1948ರಲ್ಲಿ ಈ ವಿಧಾನವನ್ನು ಪ್ರಕಟಿಸಿದಾಗ ಅವರ ಮುಂದಿದ್ದದ್ದು ಸ್ಫೋಟಕಗಳ ಪರೀಕ್ಷೆ. ಮೇಲಿಂದ ಬಿದ್ದ ತೂಕಕ್ಕೆ ಸ್ಫೋಟಕ ಸಿಡಿದರೆ ಮುಂದಿನ ಸಲ ಎತ್ತರ ಒಂದು ಮೆಟ್ಟಿಲು ಕಡಿಮೆ, ಸಿಡಿಯದಿದ್ದರೆ ಒಂದು ಮೆಟ್ಟಿಲು ಹೆಚ್ಚು. ನೀವು ಮಾಡಿದ್ದೂ ಇದನ್ನೇ. ಹೀಗೆ ಹತ್ತಿ ಇಳಿಯುತ್ತ ಡೋಸುಗಳು ಇಡಿ50ರ ಆಸುಪಾಸಿನಲ್ಲೇ ಗುಂಪುಗೂಡುತ್ತವೆ. ಇಡಿ95ರ ಹತ್ತಿರ ನಿಮ್ಮ ರೋಗಿಗಳು ಬಹುಶಃ ಒಬ್ಬಿಬ್ಬರಿದ್ದಾರು, ಇಲ್ಲದೆಯೂ ಇದ್ದಾರು. ಅಲ್ಲಿಯವರೆಗೆ ರೇಖೆಯನ್ನು ಎಳೆದೊಯ್ಯುವುದು ನಿಮ್ಮ ದತ್ತಾಂಶವಲ್ಲ, ಪ್ರೋಬಿಟ್ ಎಂಬ ಊಹೆ. ಬೇರೆ ಆಕಾರದ ರೇಖೆ ಹೊಂದಿಸಿ ನೋಡಿ: ಇಡಿ50 ಹೆಚ್ಚು ಅಲುಗದು, ಇಡಿ95 ದೂರ ಜಾರೀತು.

ಮೇಲಿನ ಡೋಸ್ ಬೇಕಿದ್ದರೆ ರೋಗಿಗಳನ್ನೂ ಮೇಲೆಯೇ ಕಲೆಹಾಕಬೇಕು. ಅದಕ್ಕೆ ಡರ್ಹಮ್ ಮತ್ತು ಫ್ಲೋರ್ನಾಯ್ 1990ರ ದಶಕದಲ್ಲಿ ಕೊಟ್ಟ ‘ಬಯಾಸ್ಡ್ ಕಾಯಿನ್’ (ಒಂದು ಬದಿಗೆ ವಾಲಿದ ನಾಣ್ಯ) ವಿನ್ಯಾಸವಿದೆ. ಗುರಿ ಇಡಿ90 ಎನ್ನಿ. ಔಷಧ ಫಲಿಸದಿದ್ದರೆ ಮುಂದಿನ ರೋಗಿಗೆ ಒಂದು ಮೆಟ್ಟಿಲು ಮೇಲೆ. ಫಲಿಸಿದರೆ ತಕ್ಷಣ ಇಳಿಯುವಂತಿಲ್ಲ. ಅಂಥ ನಾಣ್ಯ ಚಿಮ್ಮಿದಂತೆ, ಒಂಬತ್ತರಲ್ಲಿ ಒಂದು ಪಾಲು ಸಂಭವದಲ್ಲಷ್ಟೇ ಇಳಿಯಬೇಕು, ಉಳಿದಂತೆ ಅದೇ ಡೋಸ್. ಒಂಬತ್ತೇ ಏಕೆ? ನಿಜವಾದ ಇಡಿ90ರಲ್ಲಿ ಸೋಲುವವರು 100ಕ್ಕೆ 10. ಗೆಲ್ಲುವ 90ರ ಒಂಬತ್ತನೇ ಒಂದು ಪಾಲೂ 10. ಹತ್ತುವುದೂ ಇಳಿಯುವುದೂ ಸರಿದೂಗಿ ಡೋಸುಗಳು ಅಲ್ಲೇ ಸುತ್ತಾಡುತ್ತವೆ. ನಾಣ್ಯ ಬೇಡವೆಂದರೆ ಸತತ ಆರೇಳು ಯಶಸ್ಸು ಸಿಕ್ಕ ಮೇಲಷ್ಟೇ ಇಳಿಯುವ ನಿಯಮವೂ ಸುಮಾರು ಅಲ್ಲಿಗೇ ಒಯ್ಯುತ್ತದೆ. (ಫಲಿತಾಂಶಕ್ಕೆ ವಾರಗಟ್ಟಲೆ ಕಾಯಬೇಕಾದ ಔಷಧಗಳಿಗೆ ಈ ಪದ್ಧತಿ ಒಗ್ಗದು, ಅರಿವಳಿಕೆಯವರು ಅದೃಷ್ಟವಂತರು.)

ಇಡಿ95ಕ್ಕೆ ಆ ಪಾಲು ಹತ್ತೊಂಬತ್ತರಲ್ಲಿ ಒಂದಕ್ಕೆ ಕುಗ್ಗುತ್ತದೆ. ಇಳಿಯುವುದೇ ಅಪರೂಪವಾಗಿ, ಆರಂಭದ ಡೋಸ್ ತಪ್ಪಿ ಮೇಲಿದ್ದರೆ ಅದರ ನೆರಳು ಬಹಳ ಹೊತ್ತು ಬಿಡದು. ಆದ್ದರಿಂದ ಸಣ್ಣ ಅಧ್ಯಯನಕ್ಕೆ ಇಡಿ90 ಸಾಕು ಎಂಬುದು ನನ್ನ ಮತ. ವಿಶ್ಲೇಷಣೆಗೆ ಐಸೋಟಾನಿಕ್ ರಿಗ್ರೆಶನ್ ಬಳಸಿ: ಡೋಸ್ ಹೆಚ್ಚಿದಂತೆ ಪರಿಣಾಮ ತಗ್ಗದು ಎಂಬುದಷ್ಟೇ ಅದರ ಊಹೆ.

ಈಗಿನ ಪ್ರಬಂಧದಲ್ಲಿ ಇಡಿ50ನ್ನು ವಿಶ್ವಾಸಾಂತರದೊಂದಿಗೆ (ಅಂದಾಜು ಎಷ್ಟು ಹಿಂದೆಮುಂದೆ ಆಗಬಹುದೆಂದು ತೋರಿಸುವ ವ್ಯಾಪ್ತಿ) ಕೊಡಿ, ಇಡಿ95ರ ಸಾಲನ್ನು ತೆಗೆದುಬಿಡಿ.