ನಾಲ್ಕು ಪಥ ಆಗುವವರೆಗೂ ಕಾಯಬೇಕಾ?

ಪತ್ರ: ನಮ್ಮೂರ ಹತ್ತಿರ ಎರಡು ಪಥದ ಹೆದ್ದಾರಿಯ ತಿರುವಿನಲ್ಲಿ ಈ ವರ್ಷ ಎರಡನೇ ಸಲ ಮುಖಾಮುಖಿ ಡಿಕ್ಕಿಯಾಗಿ ಜನ ಸತ್ತರು. ಸತ್ತವರಲ್ಲಿ ಒಬ್ಬ ನನ್ನ ಹಳೆಯ ವಿದ್ಯಾರ್ಥಿ. ಓವರ್‌ಟೇಕ್ ಮಾಡಿದವನದ್ದೇ ತಪ್ಪು ಅಂತ ಎಲ್ಲರೂ ಹೇಳುತ್ತಾರೆ. ನಾಲ್ಕು ಪಥ ಆಗದೆ ಏನೂ ಮಾಡಲಾಗದು ಅಂತಾರೆ ಅಧಿಕಾರಿಗಳು. ಅಲ್ಲಿಯವರೆಗೆ ನಾವೇನು ಮಾಡೋಣ?
– ಶಿಕ್ಷಕರೊಬ್ಬರು, ಮಂಡ್ಯ ಜಿಲ್ಲೆ

ಉತ್ತರ: ಮೇಷ್ಟ್ರೇ, ನಿಮ್ಮ ಪತ್ರ ಓದಿ ತುಂಬಾ ಸಂಕಟವಾಯಿತು. ಕಾಯಬೇಕಾಗಿಲ್ಲ. ಕಾಯಲೂಬಾರದು.

ಇಂಥ ಪ್ರಕರಣಗಳ ಎಫ್‌ಐಆರ್‌ನಲ್ಲಿ ‘ಅತಿವೇಗ ಮತ್ತು ಅಜಾಗರೂಕತೆ’ ಎಂದು ಬರೆದರೆ ಮುಗಿಯಿತು. ರಸ್ತೆಯನ್ನು ಯಾರೂ ಕೇಳುವುದಿಲ್ಲ. ಚಾಲಕನ ತಪ್ಪಿಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ ಲೆಕ್ಕ ನೋಡಿ. ಮುಂದೆ ಲಾರಿ 60 ಕಿ.ಮೀ. ವೇಗದಲ್ಲಿದೆ, ಹಿಂದಿನ ಕಾರು 80ರಲ್ಲಿ. ಲಾರಿಯನ್ನು ದಾಟಿ ಮತ್ತೆ ಎಡಕ್ಕೆ ಬರಬೇಕಾದರೆ ಕಾರು ಅದಕ್ಕಿಂತ ಸುಮಾರು 45 ಮೀಟರ್ ಜಾಸ್ತಿ ಓಡಬೇಕು. ಅದಕ್ಕೆ 8 ಸೆಕೆಂಡ್ ಹಿಡಿಯುತ್ತದೆ. ಅಷ್ಟರಲ್ಲಿ ಎದುರಿನಿಂದ 80ರಲ್ಲೇ ಬರುವ ಇನ್ನೊಂದು ಕಾರು ಹತ್ತಿರತ್ತಿರ 180 ಮೀಟರ್ ಮುಂದೆ ಬಂದಿರುತ್ತದೆ, ಇವನೂ ಅಷ್ಟೇ ದೂರ ಹೋಗಿರುತ್ತಾನೆ. ಅಂದರೆ ಕನಿಷ್ಠ 360 ಮೀಟರ್ ರಸ್ತೆ ಖಾಲಿ ಕಾಣಬೇಕು. ನಿಮ್ಮ ತಿರುವಿನಲ್ಲಿ ಅಷ್ಟು ಕಾಣುತ್ತಾ? ಅಲ್ಲಿ ಓವರ್‌ಟೇಕ್ ಮಾಡಲು ಬಿಟ್ಟಿರುವುದೇ ಮೊದಲ ತಪ್ಪು.

ದೂರದ ಉದಾಹರಣೆ ಬೇಡ, ಬೆಳಗಾವಿ–ಯರಗಟ್ಟಿ ರಸ್ತೆಯನ್ನೇ ನೋಡಿ. ವಿಶ್ವಬ್ಯಾಂಕ್ ನೆರವಿನ ರಾಜ್ಯ ಹೆದ್ದಾರಿ ಅಭಿವೃದ್ಧಿ ಯೋಜನೆಯಡಿ ಸುಮಾರು 62 ಕಿ.ಮೀ. ಉದ್ದದ ಈ ರಸ್ತೆಯನ್ನು ಸುರಕ್ಷತೆಯ ಮಾದರಿ ಮಾಡಲು ಹೊರಟರು. ಲೋಕೋಪಯೋಗಿ, ಪೊಲೀಸ್, ಸಾರಿಗೆ, ಆರೋಗ್ಯ ಇಲಾಖೆಗಳು ಒಟ್ಟಿಗೆ ಕೂತವು. ಒಂದು ಕಡೆ ರಸ್ತೆಯನ್ನೇ ಸರಿಮಾಡಿದರು. ಇನ್ನೊಂದು ಕಡೆ ವೇಗಕ್ಕೆ ಕಡಿವಾಣ ಹಾಕಿ, ಗಾಯಾಳುಗಳ ಚಿಕಿತ್ಸೆಗೂ ಏರ್ಪಾಡು ಮಾಡಿದರು. ಕೆಲವೇ ವರ್ಷಗಳಲ್ಲಿ ಸಾವು ಅರ್ಧಕ್ಕಿಂತ ಹೆಚ್ಚು ಇಳಿಯಿತು. ಇಲಾಖೆಗಳು ಒಂದೇ ಮೇಜಿಗೆ ಬಂದದ್ದೇ ಇದರಲ್ಲಿ ದೊಡ್ಡ ವಿಷಯ ಅಂತ ನನಗನಿಸುತ್ತದೆ.

ಸ್ವೀಡನ್‌ನವರು 1998ರಲ್ಲಿ ಇನ್ನೊಂದು ದಾರಿ ಹಿಡಿದರು. ಡಿಕ್ಕಿಗಳಿಗೆ ಹೆಸರಾಗಿದ್ದ 13 ಮೀಟರ್ ಅಗಲದ ರಸ್ತೆಯನ್ನು ಮೂರು ಪಥ ಮಾಡಿ ನಡುವೆ ಉಕ್ಕಿನ ತಂತಿಯ ತಡೆ ಹಾಕಿದರು. ಓವರ್‌ಟೇಕ್ ಪಥ ಒಂದೆರಡು ಕಿ.ಮೀ.ಗೊಮ್ಮೆ ಈ ಬದಿಗೆ, ಆಮೇಲೆ ಆ ಬದಿಗೆ. ಸ್ವಲ್ಪ ತಾಳಿದರೆ ದಾಟಲು ಜಾಗ ಸಿಗುತ್ತದೆ ಅಂತ ಗೊತ್ತಿದ್ದರೆ ಯಾರೂ ಎದುರು ಪಥಕ್ಕೆ ನುಗ್ಗುವುದಿಲ್ಲ, ನುಗ್ಗಲು ತಂತಿ ಬಿಡುವುದೂ ಇಲ್ಲ. ಅಂಥ ರಸ್ತೆಗಳಲ್ಲಿ ಸಾವು ಮುಕ್ಕಾಲು ಪಾಲು ಕಡಿಮೆಯಾಯಿತು. ನಮ್ಮ 7 ಮೀಟರ್ ಡಾಂಬರಿನ ಮೇಲೆ ಇದು ಆಗದು, ನಿಜ. ಆದರೆ ಇಡೀ ರಸ್ತೆ ಬೇಡ, ನಿಮ್ಮ ತಿರುವಿನ ಮುನ್ನೂರು–ನಾನೂರು ಮೀಟರ್ ಮಾತ್ರ ಅಗಲ ಮಾಡಿ ನಡುವೆ ತಡೆ ಹಾಕಬಹುದಲ್ವಾ?

ನಿಮ್ಮ ಕಡೆಯದ್ದೇ ಇನ್ನೊಂದು ಮಾತು. ಕಬ್ಬು ಕಟಾವಿನ ಕಾಲದಲ್ಲಿ ಹಿಂದೆ ದೀಪವೂ ಇಲ್ಲದ, ಕೆಂಪು ರಿಫ್ಲೆಕ್ಟರೂ ಇಲ್ಲದ ಟ್ರೇಲರ್‌ಗಳು ಕತ್ತಲಲ್ಲಿ ಸಾಲಾಗಿ ಹೋಗುತ್ತವೆ. ಸುಗ್ಗಿಯಲ್ಲಿ ರಾಗಿ, ಹುರುಳಿಯನ್ನು ರಸ್ತೆಯ ಮೇಲೇ ಹರಡಿ ಒಕ್ಕಣೆ ಮಾಡುತ್ತೇವೆ, ಬೈಕ್‌ಗಳು ಜಾರುತ್ತವೆ. ರೈತರನ್ನು ಬೈದು ಪ್ರಯೋಜನವಿಲ್ಲ, ಅವರಿಗೆ ಕಣ ಬೇಕು. ಪಂಚಾಯಿತಿ ಊರಿಗೊಂದು ಕಣ ಮಾಡಿಕೊಡಲಿ. ಟ್ರೇಲರ್‌ಗೆ ರಿಫ್ಲೆಕ್ಟರ್ ಅಂಟಿಸದೆ ಕಾರ್ಖಾನೆಯವರು ಕಬ್ಬು ಇಳಿಸಿಕೊಳ್ಳದಿರಲಿ.

ಈಗ ನೀವು ಮಾಡಬಹುದಾದದ್ದು. ರಾಷ್ಟ್ರೀಯ ಹೆದ್ದಾರಿಯ ಯಾವುದೇ 500 ಮೀಟರ್‌ನಲ್ಲಿ 3 ವರ್ಷದಲ್ಲಿ ಸಾವು ಅಥವಾ ತೀವ್ರ ಗಾಯದ 5 ಅಪಘಾತ ಆಗಿದ್ದರೆ, ಇಲ್ಲವೇ 10 ಜನ ಸತ್ತಿದ್ದರೆ, ಅದು ‘ಬ್ಲ್ಯಾಕ್ ಸ್ಪಾಟ್’, ಅಂದರೆ ಪದೇ ಪದೇ ಅಪಘಾತವಾಗುವ ಜಾಗ. ಠಾಣೆಯಿಂದ ಮೂರು ವರ್ಷದ ಎಫ್‌ಐಆರ್ ವಿವರಗಳನ್ನು ಮಾಹಿತಿ ಹಕ್ಕಿನಲ್ಲಿ ತೆಗೆಸಿ. ತಿರುವಿನ ಫೋಟೊ, ಅಳಿಸಿಹೋದ ನಡುಗೆರೆ, ಡಾಂಬರಿನ ಅಂಚು ಎಷ್ಟು ಇಂಚು ಕೆಳಗಿಳಿದಿದೆ ಎಂಬುದು ಎಲ್ಲ ಸೇರಿಸಿ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ರಸ್ತೆ ಸುರಕ್ಷತಾ ಸಮಿತಿಗೆ ಅರ್ಜಿ ಕೊಡಿ. ಮೋಟಾರು ವಾಹನ ಕಾಯ್ದೆಯ 198ಎ ಕಲಮನ್ನೂ ಅದರಲ್ಲಿ ಕಾಣಿಸಿ. ರಸ್ತೆಯ ವಿನ್ಯಾಸ, ನಿರ್ವಹಣೆಯಲ್ಲಿ ಮಾನದಂಡ ಪಾಲಿಸದೆ ಸಾವಾದರೆ ಹೊಣೆ ಹೊತ್ತ ಪ್ರಾಧಿಕಾರಕ್ಕೂ ಗುತ್ತಿಗೆದಾರರಿಗೂ 1 ಲಕ್ಷ ರೂಪಾಯಿವರೆಗೆ ದಂಡ ಎನ್ನುತ್ತದೆ ಅದು.

ಸ್ವೀಕೃತಿ ಮೊಹರು ಹಾಕಿಸಿಕೊಂಡು, ಅರ್ಜಿಯ ಒಂದು ಪ್ರತಿಯನ್ನು ನಮಗೂ ಕಳಿಸಿ. ಸಮಿತಿ ಏನು ಉತ್ತರ ಕೊಟ್ಟಿತು ಎಂದು ನಾವು ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.

– ಸಂಪಾದಕ