ಕಾವೇರಿಯ ಮೀನಿಗೆ ಜಿಪಿಎಸ್ ಕಟ್ಟಬಹುದಾ?

ದುಬಾರೆ ಹತ್ತಿರದ ಮಹಶೀರ್ ಮೀನು ಮಳೆಗಾಲದಲ್ಲಿ ಎಲ್ಲಿಗೆ ಹೋಗುತ್ತದೆ ಅಂತ ತಿಳಿಯಲು ಜಿಪಿಎಸ್ ಸಾಕಲ್ವಾ ಎಂದು ಕೇಳಿದ್ದೀರಿ. ಸಾಲದು. ಜಿಪಿಎಸ್ ಸಿಗ್ನಲ್ ನೀರಿನೊಳಗೆ ಇಳಿಯುವುದೇ ಇಲ್ಲ.

ಹೊಳೆಗೆ ಹೊಂದುವುದು ರೇಡಿಯೋ ಟ್ಯಾಗ್. ಮೀನಿಗೆ ಅರಿವಳಿಕೆ ಕೊಟ್ಟು, ಹೊಟ್ಟೆಯೊಳಗೆ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟು ಹೊಲಿಯುತ್ತಾರೆ. ಟ್ಯಾಗ್ ತೂಕ ಮೀನಿನ ತೂಕದ ಶೇ 2 ದಾಟಬಾರದು ಅನ್ನುವುದು ಹಳೆಯ ರೂಢಿ. ಆಮೇಲೆ ಆಂಟೆನಾ ಹಿಡಿದು ದಡದಲ್ಲಿ ನಡೆಯುತ್ತಾ ಹುಡುಕಬೇಕು. ಜೂನ್, ಜುಲೈ ಮಳೆಯಲ್ಲಿ ಅದೇ ದೊಡ್ಡ ಕಷ್ಟ, ಜಿಗಣೆ ಕಾಟ ಬೇರೆ! ಸಮುದ್ರದಲ್ಲಿ ಈ ವಿಧಾನ ನಡೆಯದು, ಉಪ್ಪುನೀರು ರೇಡಿಯೋ ಅಲೆಯನ್ನು ನುಂಗುತ್ತದೆ. ಆಳದ ಮಡುವಿನಲ್ಲೂ ಸಿಗ್ನಲ್ ಸೊರಗುತ್ತದೆ. ಹಾರಂಗಿ ಹಿನ್ನೀರಿನಂಥ ಕಡೆ ಶಬ್ದ ಹೊರಡಿಸುವ ಟ್ಯಾಗ್ ವಾಸಿ. ಆದರೆ ಬಂಡೆಗಳ ನಡುವೆ ನೀರು ಭೋರ್ಗರೆಯುವಲ್ಲಿ ಆ ಶಬ್ದ ಹಿಡಿಯುವುದು ಕಷ್ಟ.

ಬ್ಯಾಟರಿಯೇ ಬೇಡದ ಪಿಐಟಿ ಟ್ಯಾಗ್, ಅಂದರೆ ಗುರುತಿನ ನಂಬರ್ ಇರುವ ಚಿಪ್ ಕೂಡ ಇದೆ. ಅಕ್ಕಿಕಾಳಿನಷ್ಟು ಸಣ್ಣದು, ಅಗ್ಗ, ವರ್ಷಗಟ್ಟಲೆ ಬಾಳುತ್ತದೆ. ಅದನ್ನು ಓದುವ ಯಂತ್ರ (ರೀಡರ್) ತೀರಾ ಹತ್ತಿರವಿದ್ದರಷ್ಟೇ ನಂಬರ್ ಸಿಗುವುದರಿಂದ ಸಣ್ಣ ತೋಡಿಗೆ ಸರಿ, ತುಂಬಿದ ಕಾವೇರಿಗೆ ಅಲ್ಲ.

ಅಂದಹಾಗೆ, ಕಾವೇರಿ ಕೊಳ್ಳದ ಡುಬ್ಬದ ಮಹಶೀರ್ 2018ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆ ಐಯುಸಿಎನ್‌ನ ತೀವ್ರ ಅಪಾಯದ ಪಟ್ಟಿಗೆ ಸೇರಿದೆ. ಸುಮ್ನೆ ಕುತೂಹಲಕ್ಕೆ ಹಿಡಿದು ಟ್ಯಾಗ್ ಹಾಕಲು ಹೋಗಬೇಡಿ. ಮೊದಲು ಅರಣ್ಯ ಇಲಾಖೆ, ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿ.